ನಲವತ್ತರ ನಂತರ ಹಲ್ಲಿಗೆ ಕ್ಲಿಪ್: ಮೊದಲು ವಸಡು, ಆಮೇಲೆ ತಂತಿ

ನಲವತ್ತೆರಡನೇ ವಯಸ್ಸಿನಲ್ಲಿ ನನ್ನ ಮೇಲಿನ ಎರಡು ಬಾಚಿ ಹಲ್ಲುಗಳ ನಡುವೆ ಒಂದು ಸಂದು ಕಾಣಿಸಿಕೊಂಡಿತು. ಮದುವೆಯ ಫೋಟೋದಲ್ಲಿ ಅದಿರಲಿಲ್ಲ. ಮೊದಮೊದಲು ಸೊಪ್ಪಿನ ನಾರು ಸಿಕ್ಕಿಕೊಳ್ಳುವಷ್ಟಿತ್ತು, ಎರಡು ವರ್ಷ ಕಳೆಯುವುದರೊಳಗೆ ಹಲ್ಲುಕಡ್ಡಿ ಸಲೀಸಾಗಿ ತೂರುವಷ್ಟಾಯಿತು. ಮೊದಲು ಹೋದ ಕ್ಲಿನಿಕ್ಕಿನಲ್ಲಿ ಬಾಯಿ ತೆರೆಸಿ ನೋಡಿದರು, ನಾಲ್ಕು ಫೋಟೋ ತೆಗೆದರು, "ಒಂದೂವರೆ ವರ್ಷ ಕ್ಲಿಪ್ ಹಾಕಿದ್ರೆ ಸರಿಹೋಗುತ್ತೆ ಮೇಡಂ, ಇವತ್ತೇ ಶುರು ಮಾಡೋಣ" ಅಂದರು. ಇಷ್ಟು ವರ್ಷ ನೆಟ್ಟಗಿದ್ದ ಹಲ್ಲು ಈಗ ಏಕೆ ಸರಿಯಿತು ಎಂದು ಅವರು ಕೇಳಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ದುಡ್ಡು ಹೊಂದಿಸುವುದಕ್ಕೆ ಒಂದು ತಿಂಗಳು ತಡವಾಯಿತು, ಅದರಿಂದಲೇ ಬಚಾವಾದೆ. ಆ ತಿಂಗಳಲ್ಲಿ ಇನ್ನೊಬ್ಬ ವೈದ್ಯೆಗೆ ತೋರಿಸಿದಾಗ ವಸಡಿನ ಅಡಿಯಲ್ಲಿ ಮೂಳೆ ಕರಗುತ್ತಿರುವುದು ಗೊತ್ತಾಯಿತು.

ಮಕ್ಕಳ ಹಲ್ಲು ವಕ್ರವಾಗುವುದು ಬಹುಮಟ್ಟಿಗೆ ಜಾಗ ಸಾಲದೆ. ದೊಡ್ಡವರಲ್ಲಿ ಹೊಸದಾಗಿ ಸಂದು ಬಿಟ್ಟಿದ್ದರೆ, ಹಲ್ಲು ಮುಂದಕ್ಕೆ ಬಾಗಿದ್ದರೆ, ಬುಡ ಸಡಿಲವಾಗಿರುವ ಸಾಧ್ಯತೆ ಇರುತ್ತದೆ. ಬೇರು ಅಲುಗಾಡುವ ಕಂಬಕ್ಕೆ ಹಗ್ಗ ಕಟ್ಟಿ ಎಳೆದರೆ ಏನಾಗುತ್ತದೋ, ಕಾಯಿಲೆ ಬಿದ್ದ ವಸಡಿನ ಹಲ್ಲಿಗೆ ತಂತಿ ಕಟ್ಟಿದರೂ ಅದೇ ಆಗುತ್ತದೆ. ಹಾಗೆಂದು ಮೂವತ್ತೈದು, ನಲವತ್ತು, ಐವತ್ತಕ್ಕೆ ಕ್ಲಿಪ್ ಹಾಕಿಸಬಾರದು ಎಂದಲ್ಲ. ಹಾಕಿಸಬಹುದು, ನಾನೂ ಹಾಕಿಸಿದೆ. ಕೆಲಸದ ಅನುಕ್ರಮ ತಪ್ಪಬಾರದು, ಅಷ್ಟೇ.

ತಂತಿ ಹಲ್ಲನ್ನು ಸರಿಸುವುದು ಹೇಗೆ

ಇದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಹಲ್ಲಿನ ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ತಂತಿ ಒತ್ತಿದಾಗ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ನಾರು ಎಳೆದುಕೊಂಡ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹೀಗೆ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ಕರಗುವುದು ಮತ್ತು ಕಟ್ಟುವುದು ಸಮನಾಗಿ ನಡೆದರೆ ಹಲ್ಲಿನ ಜೊತೆಗೆ ಅದರ ಮೂಳೆಯೂ ನಡೆದು ಬರುತ್ತದೆ. ವಸಡಿನಲ್ಲಿ ಸೋಂಕಿದ್ದರೆ ಕರಗುವುದೇ ಹೆಚ್ಚು, ಕಟ್ಟುವುದು ಕಡಿಮೆ.

1970ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ತೋರಿಸಿಕೊಟ್ಟವು. ಮೂಳೆ ಕಡಿಮೆಯಾಗಿದ್ದರೂ ಶುಚಿಯಾಗಿಟ್ಟ ಹಲ್ಲನ್ನು ಸರಿಸಿದಾಗ ಹೆಚ್ಚಿನ ಹಾನಿಯಾಗಲಿಲ್ಲ. ಪಾಚಿ ಕಟ್ಟಿದ ಹಲ್ಲನ್ನು ಬಾಗಿಸಿ ಸರಿಸಿದಾಗ ಮೇಲಿದ್ದ ಪಾಚಿ ವಸಡಿನ ಒಳಗೆ ಇಳಿದು ಮೂಳೆಯಲ್ಲಿ ಗುಳಿ ಬಿತ್ತು. ಮೂಳೆ ಎಷ್ಟು ಉಳಿದಿದೆ ಎನ್ನುವುದಕ್ಕಿಂತ ವಸಡು ಎಷ್ಟು ಶಾಂತವಾಗಿದೆ ಎನ್ನುವುದು ಮುಖ್ಯ. ಮೂಳೆ ಹೋಗಿದೆ, ಇನ್ನು ಕ್ಲಿಪ್ಪಿನ ಆಸೆ ಬಿಡಬೇಕು ಎಂದುಕೊಂಡವರು ಈ ಮಾತನ್ನು ಎರಡು ಸಲ ಓದಿಕೊಳ್ಳಿ.

ಹೆಜ್ಜೆ 1: ಮನೆಯ ಕನ್ನಡಿಯ ಮುಂದೆ

ಹಗಲು ಬೆಳಕಿನಲ್ಲಿ ತುಟಿ ಸರಿಸಿ ನೋಡಿ. ಆರೋಗ್ಯದ ವಸಡು ಬಿಗಿಯಾಗಿರುತ್ತದೆ, ಹಲ್ಲುಗಳ ನಡುವೆ ಚೂಪಾದ ತುದಿಯಾಗಿ ನಿಂತಿರುತ್ತದೆ. ನಮ್ಮ ಕಡೆಯ ಅನೇಕರ ವಸಡು ಹುಟ್ಟಿನಿಂದಲೇ ಕಪ್ಪು ಅಥವಾ ಕಂದು ಛಾಯೆಯದು, ಅದು ರೋಗವಲ್ಲ. ಗಮನಿಸಬೇಕಾದ್ದು ಅಂಚಿನ ಊತ, ಹೊಳಪು, ಕೆಂಪು. ಉಜ್ಜುವಾಗ ರಕ್ತ ಬರುತ್ತದೆಯೇ? ಬೆಳಗ್ಗೆ ಬಾಯಿ ಕೆಟ್ಟ ವಾಸನೆಯೇ? ಹಲ್ಲು ಮೊದಲಿಗಿಂತ ಉದ್ದವಾಗಿ ಕಾಣುತ್ತದೆಯೇ? ಸಂದು ಯಾವಾಗಿನಿಂದ ಬಿಟ್ಟಿದೆ? ಹಳೆಯ ಫೋಟೋಗಳನ್ನು ಹುಡುಕಿ, ನಗುತ್ತಿರುವ ನಾಲ್ಕೈದನ್ನು ಮೊಬೈಲಿಗೆ ಹಾಕಿಕೊಂಡು ಹೋಗಿ. ವೈದ್ಯರಿಗೆ ಅದರಿಂದ ಬಹಳ ಸಹಾಯವಾಗುತ್ತದೆ.

ರಕ್ತ ಬರುತ್ತಿಲ್ಲ ಎಂದು ಹೊಗೆ ಸೇದುವವರು ನೆಮ್ಮದಿಯಾಗಿರಬಾರದು. ನಿಕೋಟಿನ್ ವಸಡಿನ ರಕ್ತನಾಳಗಳನ್ನು ಬಿಗಿಯುವುದರಿಂದ ಒಳಗೆ ರೋಗವಿದ್ದರೂ ಹೊರಗೆ ರಕ್ತ ಕಾಣದೆ ಹೋಗಬಹುದು.

ಹೆಜ್ಜೆ 2: ವಸಡಿನ ಅಳತೆ ಮಾಡಿಸಿ

ಇಡೀ ಚಿಕಿತ್ಸೆಯಲ್ಲಿ ಇದಕ್ಕಿಂತ ಮುಖ್ಯವಾದ ಅರ್ಧ ಗಂಟೆ ಇನ್ನೊಂದಿಲ್ಲ. ಮಿಲಿಮೀಟರ್ ಗೆರೆ ಹಾಕಿದ ಮೊಂಡು ತುದಿಯ ತೆಳ್ಳನೆ ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸುತ್ತಾರೆ. ಒಂದೊಂದು ಹಲ್ಲಿಗೂ ಆರು ಕಡೆ: ಕೆನ್ನೆಯ ಬದಿ ಮೂರು, ನಾಲಗೆಯ ಬದಿ ಮೂರು. ನಮ್ಮ ವೈದ್ಯೆ ಅಂಕಿ ಹೇಳುತ್ತಿದ್ದರು, ಸಹಾಯಕಿ ಬರೆದುಕೊಳ್ಳುತ್ತಿದ್ದಳು. "ಮೂರು, ಎರಡು, ಮೂರು. ಎರಡು, ಎರಡು, ಮೂರು." ನನ್ನ ಸಂದಿನ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲಿಸಿ, "ಆರು" ಅಂದರು. ಮತ್ತೊಮ್ಮೆ ಇಳಿಸಿ ನೋಡಿ, "ಆರು, ರಕ್ತ ಇದೆ" ಅಂದರು. ನೋವೇನೂ ಆಗಲಿಲ್ಲ. ಆದರೆ ಆ ಅಂಕಿಯನ್ನು ಈಗಲೂ ಮರೆತಿಲ್ಲ.

1ರಿಂದ 3 ಮಿಲಿಮೀಟರ್ ಇದ್ದು ರಕ್ತ ಬಾರದಿದ್ದರೆ ಆರೋಗ್ಯ. 4 ಮತ್ತು ಮೇಲ್ಪಟ್ಟರೆ ವೈದ್ಯರು 'ಪಾಕೆಟ್' ಎನ್ನುತ್ತಾರೆ. 6 ಅಥವಾ ಹೆಚ್ಚಿದ್ದರೆ ಆಳವಾದ ಪಾಕೆಟ್, ಬ್ರಷ್ಷಾಗಲಿ ಫ್ಲಾಸ್ ದಾರವಾಗಲಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಜೊತೆಗೆ ಓಪಿಜಿ ಎಕ್ಸ್‌ರೇ ತೆಗೆಯುತ್ತಾರೆ. ಅದರಲ್ಲಿ ಎರಡೂ ದವಡೆ ಒಟ್ಟಿಗೆ ಕಾಣುತ್ತವೆ, ಆದರೆ ಮುಂದಿನ ಹಲ್ಲುಗಳ ಹತ್ತಿರ ಚಿತ್ರ ಮಸುಕು. ಸಂಶಯವಿರುವ ಹಲ್ಲುಗಳಿಗೆ ಚಿಕ್ಕ ಎಕ್ಸ್‌ರೇ ಪ್ರತ್ಯೇಕವಾಗಿ ಬೇಕು.

ವಸಡಿನ ಕಾಯಿಲೆಗೆ ಎರಡು ಮಜಲು. ಊದಿಕೊಂಡು ರಕ್ತ ಬರುವುದು ಜಿಂಜಿವೈಟಿಸ್, ಪೂರ್ತಿ ವಾಸಿಯಾಗುತ್ತದೆ. ಡೆನ್ಮಾರ್ಕಿನ ಆರ್ಹಸ್‌ನಲ್ಲಿ 1965ರಲ್ಲಿ ಹೆರಾಲ್ಡ್ ಲೋ ಎಂಬ ವಿಜ್ಞಾನಿ ಆರೋಗ್ಯವಂತರ ಒಂದು ಸಣ್ಣ ಗುಂಪಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು, ಮತ್ತೆ ಉಜ್ಜಲು ಶುರುಮಾಡಿದ ಸುಮಾರು ಒಂದು ವಾರದಲ್ಲಿ ಇಳಿಯಿತು. ಮೂಳೆಗೂ ಪೆಟ್ಟು ಬಿದ್ದರೆ ಅದು ಪೆರಿಯೊಡಾಂಟೈಟಿಸ್. ಇದನ್ನು ನಿಲ್ಲಿಸಬಹುದು, ಆದರೆ ಹೋದ ಮೂಳೆ ಬಹುಪಾಲು ವಾಪಸ್ ಬರುವುದಿಲ್ಲ. 2018ರಿಂದ ಜಾರಿಯಲ್ಲಿರುವ ವರ್ಗೀಕರಣದಲ್ಲಿ ಇದಕ್ಕೆ ನಾಲ್ಕು ಹಂತ. ಹಲ್ಲು ಬೀಸಣಿಗೆಯಂತೆ ಹರಡಿ ಕಚ್ಚುವಿಕೆಯೇ ಕೆಟ್ಟಿದ್ದರೆ ಅದು ನಾಲ್ಕನೆಯದಕ್ಕೆ ಸೇರುತ್ತದೆ. ಅಲ್ಲಿ ಕ್ಲಿಪ್ ಎನ್ನುವುದು ಅಂದಕ್ಕಾಗಿ ಅಲ್ಲ, ಚಿಕಿತ್ಸೆಯ ಭಾಗವೇ.

ನಿಮ್ಮ ಅಳತೆಯ ಚಾರ್ಟಿನ ಒಂದು ಪ್ರತಿ ಕೇಳಿ ತೆಗೆದುಕೊಳ್ಳಿ. ಕ್ಲಿಪ್ ಹಾಕುವವರು ಅಳತೆಯನ್ನೇ ಮಾಡದೆ ದಿನ ಗೊತ್ತುಮಾಡಿದರೆ, ದಯವಿಟ್ಟು ಎದ್ದು ಬನ್ನಿ. ವಸಡಿಗೆ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದ ಪೆರಿಯೊಡಾಂಟಿಸ್ಟ್ ಬೇರೆ, ಕ್ಲಿಪ್ಪಿಗೆ ಎಂಡಿಎಸ್ ಮಾಡಿದ ಆರ್ಥೊಡಾಂಟಿಸ್ಟ್ ಬೇರೆ. ದೊಡ್ಡವರ ವಿಷಯದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕು. ಖಾಸಗಿ ಖರ್ಚು ಭಾರವಾದರೆ ದಂತ ಕಾಲೇಜುಗಳಿಗೆ ಹೋಗಿ: ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು, ದಾವಣಗೆರೆಯ ಬಾಪೂಜಿ, ಧಾರವಾಡದ ಎಸ್‌ಡಿಎಂ, ಮಣಿಪಾಲ. ಇಂಥ ಕಡೆ ಎರಡೂ ವಿಭಾಗ ಒಂದೇ ಆವರಣದಲ್ಲಿರುತ್ತವೆ. ಕಾಯಬೇಕಾಗುತ್ತದೆ, ಸ್ನಾತಕೋತ್ತರ ವಿದ್ಯಾರ್ಥಿಗಳು ನೋಡುತ್ತಾರೆ, ಆದರೆ ಪ್ರತಿ ಹಂತವನ್ನೂ ಪ್ರಾಧ್ಯಾಪಕರು ಪರಿಶೀಲಿಸುತ್ತಾರೆ.

ಹೆಜ್ಜೆ 3: ಸಕ್ಕರೆ, ಮಾತ್ರೆ, ತಂಬಾಕು

ಸಕ್ಕರೆ ಕಾಯಿಲೆ ಮತ್ತು ವಸಡಿನ ಕಾಯಿಲೆ ಒಂದನ್ನೊಂದು ಕೆಣಕುತ್ತವೆ. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ) ಪರೀಕ್ಷೆ ಮಾಡಿಸಿ, ಹೆಚ್ಚಿದ್ದರೆ ಸಾಧ್ಯವಾದಷ್ಟು ಶೇಕಡಾ 7ರ ಆಸುಪಾಸಿಗೆ ತಂದುಕೊಂಡ ಮೇಲೆಯೇ ತಂತಿಯ ಮಾತು.

ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ತೆಗೆದುಕೊಂಡು ಹೋಗಿ. ಬಿಪಿಗೆ ಕೊಡುವ ಆಮ್ಲೊಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟೊಯಿನ್ ಕೆಲವರಲ್ಲಿ ವಸಡನ್ನು ಗಂಟುಗಂಟಾಗಿ ಬೆಳೆಸುತ್ತವೆ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ಜೊಲೆಡ್ರೊನೇಟ್ ಹಲ್ಲು ಸರಿಯುವುದನ್ನೇ ನಿಧಾನಗೊಳಿಸುತ್ತವೆ. ಹಲ್ಲು ಕೀಳಿಸಬೇಕಾದರೆ ದವಡೆಯ ಮೂಳೆಗೂ ಅಪಾಯವುಂಟು. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಇಬ್ಬರು ವೈದ್ಯರಿಗೂ ತಿಳಿಸಿ, ಅವರು ತೀರ್ಮಾನಿಸಲಿ.

ಬೀಡಿ ಸಿಗರೇಟು, ಗುಟ್ಕಾ, ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ ಯಾವುದಿದ್ದರೂ ಬಿಡಬೇಕು. ಇಲ್ಲಿ ರಿಯಾಯಿತಿಯ ಮಾತಿಲ್ಲ. ವಸಡು ವಾಸಿಯಾಗುವುದನ್ನು ತಂಬಾಕು ತಡೆಯುತ್ತದೆ. ಅಡಿಕೆ ಜಗಿದು ಜಗಿದು ಬಾಯಿ ಪೂರ್ತಿ ತೆರೆಯಲಾಗದವರಿಗೆ ಹಿಂದಿನ ಹಲ್ಲಿನವರೆಗೆ ಬ್ರಷ್ ಕೂಡ ಹೋಗುವುದಿಲ್ಲ.

ಹೆಜ್ಜೆ 4: ಕ್ಲೀನಿಂಗ್, ಆಮೇಲೆ ಕಾಯುವುದು

"ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ" ಎನ್ನುವ ಮಾತನ್ನು ನಮ್ಮತ್ತೆಯಿಂದ ಹಿಡಿದು ಅಂಗಡಿಯವರವರೆಗೆ ಎಲ್ಲರ ಬಾಯಲ್ಲೂ ಕೇಳಿದ್ದೇನೆ. ಅದು ಹುಟ್ಟಿದ ಬಗೆ ಅರ್ಥವಾಗುವಂಥದ್ದೇ. ವರ್ಷಗಟ್ಟಲೆ ಕಟ್ಟಿದ ಗಟ್ಟಿ ಪಾಚಿ ಸಿಮೆಂಟಿನಂತೆ ಸಡಿಲ ಹಲ್ಲುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲು ಹೊರಗೆ ಬರುತ್ತದೆ. ಊತ ಇಳಿದು ವಸಡು ಕುಗ್ಗಿದಾಗ ಸಂದು ದೊಡ್ಡದಾದಂತೆ, ಹಲ್ಲು ಉದ್ದವಾದಂತೆ ಕಾಣುತ್ತದೆ, ತಣ್ಣೀರು ಜುಮ್ಮೆನ್ನುತ್ತದೆ. ಮಷಿನ್ನು ಹಲ್ಲನ್ನು ಸವೆಸಿದ್ದಲ್ಲ. ಜುಮ್ಮೆನ್ನುವುದು ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ, ಸಡಿಲವಿದ್ದ ಹಲ್ಲು ಎಷ್ಟೋ ಸಲ ಬಿಗಿಯಾಗುತ್ತದೆ.

ಪಾಕೆಟ್ ಇದ್ದವರಿಗೆ ಮೇಲ್ಮೇಲಿನ ಕ್ಲೀನಿಂಗ್ ಸಾಲದು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ವಸಡಿನೊಳಗೆ ಬೇರಿನ ಮೇಲಿನ ಪಾಚಿಯನ್ನೂ ತೆಗೆಯಬೇಕು. ನನಗೆ ಎಡಗಡೆ ಒಂದು ದಿನ, ಬಲಗಡೆ ಮುಂದಿನ ವಾರ ಮಾಡಿದರು. ಎರಡು ಮೂರು ತಿಂಗಳ ನಂತರ ಮತ್ತೆ ಅದೇ ಆರು ಕಡೆಯ ಅಳತೆ. ನನ್ನ ಆರು ನಾಲ್ಕಾಗಿತ್ತು, ರಕ್ತ ನಿಂತಿತ್ತು. ಕ್ಲಿಪ್ಪಿಗೆ ಒಪ್ಪಿಗೆ ಸಿಗುವ ಗುರಿಯೂ ಹೆಚ್ಚುಕಡಿಮೆ ಅದೇ: ಯಾವ ಪಾಕೆಟ್ಟೂ 4 ಮಿಲಿಮೀಟರ್ ದಾಟಿ ರಕ್ತ ಸುರಿಸಬಾರದು. ಇಳಿಯದೆ ಉಳಿದರೆ ವಸಡಿನ ಶಸ್ತ್ರಚಿಕಿತ್ಸೆ, ಕೆಲವು ಗುಳಿಗಳಿಗೆ ಮೂಳೆ ಬೆಳೆಸುವ ಚಿಕಿತ್ಸೆ ಮಾಡುತ್ತಾರೆ. ಹಾಗೆ ಮಾಡಿದ ಮೇಲೆ ಆರು ತಿಂಗಳು ಕಾಯಬೇಕೆಂಬುದು ಹಳೆಯ ರೂಢಿ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕು ವಾರಕ್ಕೇ ತಂತಿ ಶುರುಮಾಡಿದವರಿಗೂ ಆರು ತಿಂಗಳು ಕಾದವರಿಗೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ವೈದ್ಯರು ಬೇಗ ಶುರುಮಾಡೋಣ ಎಂದರೆ ಹೆದರಬೇಕಿಲ್ಲ, ಅಳತೆ ಏನು ಹೇಳುತ್ತದೆ ಎಂದು ಕೇಳಿ.

ವಸಡು ಕಾಗದದಷ್ಟು ತೆಳ್ಳಗಿದ್ದು ಬೇರಿನ ಆಕಾರ ಹೊರಗೆ ಎದ್ದು ಕಾಣುತ್ತಿದ್ದರೆ, ಅದರಲ್ಲೂ ಕೆಳಗಿನ ಬಾಚಿ ಹಲ್ಲುಗಳನ್ನು ಹೊರಗೆ ತಳ್ಳುವ ಯೋಜನೆಯಿದ್ದರೆ, ಮೊದಲೇ ಅಂಗುಳಿನಿಂದ ತುಸು ತೊಗಲು ತೆಗೆದು ಅಲ್ಲಿಗೆ ಕಸಿ ಮಾಡುವುದುಂಟು. ಈ ಪ್ರಶ್ನೆಯನ್ನು ನೀವೇ ಎತ್ತಿ.

ಹೆಜ್ಜೆ 5: ತಂತಿಯೋ, ಅಲೈನರೋ

ಅಲೈನರ್ ಎಂದರೆ ತಂತಿಯ ಬದಲು ಹಲ್ಲಿನ ಮೇಲೆ ಕೂರಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚ. ವಸಡಿನ ದೃಷ್ಟಿಯಿಂದ ಅದಕ್ಕೆ ಒಂದು ದೊಡ್ಡ ಅನುಕೂಲವಿದೆ: ತೆಗೆದಿಟ್ಟು ಮಾಮೂಲಿಯಂತೆ ಹಲ್ಲುಜ್ಜಬಹುದು. ಆದರೆ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲೇ ಇರಬೇಕು. ಕಾಫಿ, ಚಹಾ ಕುಡಿಯುವಾಗಲೆಲ್ಲ ತೆಗೆಯಬೇಕು. ಗಂಟೆಗೊಮ್ಮೆ ಅರ್ಧ ಲೋಟ ಕಾಫಿ ಬೇಕೆನ್ನುವವರಿಗೆ ಇದು ಒಗ್ಗುವುದು ಕಷ್ಟ. ಹಲ್ಲನ್ನು ಹೆಚ್ಚು ತಿರುಗಿಸುವುದು, ಮೇಲೆ ಕೆಳಗೆ ಸರಿಸುವುದು ತಂತಿಯಲ್ಲಿ ಹೆಚ್ಚು ಹಿಡಿತಕ್ಕೆ ಸಿಗುತ್ತದೆ. ಬಾಯಿಯ ಅಚ್ಚು ತೆಗೆಯುವ ಸಾಮಾನನ್ನು ಮನೆಗೇ ತರಿಸಿಕೊಂಡು, ವಸಡು ನೋಡುವ ವೈದ್ಯರೇ ಇಲ್ಲದೆ ಅಂಚೆಯಲ್ಲಿ ಅಲೈನರ್ ಕಳಿಸುವ ವ್ಯವಸ್ಥೆಯನ್ನು ಮಾತ್ರ ಮೂವತ್ತೈದು ದಾಟಿದ ಯಾರಿಗೂ ನಾನು ಹೇಳುವುದಿಲ್ಲ.

ತಂತಿಯೇ ಆದರೆ ಕೇಳಬೇಕಾದ ಸಣ್ಣ ವಿಷಯಗಳು ಹೀಗಿವೆ. ದವಡೆ ಹಲ್ಲಿಗೆ ಸುತ್ತುವ ಬಳೆಯ ಅಂಚು ವಸಡಿನೊಳಗೆ ಇಳಿದು ಪಾಚಿ ಹಿಡಿಯುತ್ತದೆ, ಬದಲಿಗೆ ಅಂಟಿಸುವ ಟ್ಯೂಬ್ ಆಗುತ್ತದೆಯೇ? ತಂತಿ ಹಿಡಿದಿಡುವುದಕ್ಕೆ ರಬ್ಬರ್ ಉಂಗುರದ ಬದಲು ಸಣ್ಣ ಸ್ಟೀಲ್ ತಂತಿ ಆಗುತ್ತದೆಯೇ? ಬ್ರಾಕೆಟ್ (ತಂತಿ ಕೂರಿಸಲು ಹಲ್ಲಿಗೆ ಅಂಟಿಸುವ ಚಿಕ್ಕ ತುಂಡು) ಸುತ್ತ ಮಿಕ್ಕ ಅಂಟನ್ನು ಪೂರ್ತಿ ತೆಗೆದಿದ್ದಾರೆಯೇ? ಮೂಳೆ ಕಡಿಮೆಯಿದ್ದಾಗ ಹಲ್ಲು ಬೇಗ ಬಾಗುತ್ತದೆ, ಆದ್ದರಿಂದ ಬಲ ಹಗುರವಾಗಿರಬೇಕು. ಬೇಗ ಮುಗಿಸಿಕೊಡಿ ಎಂದು ಒತ್ತಾಯಿಸಬೇಡಿ. ದೊಡ್ಡವರಿಗೆ ಒಂದೂವರೆಯಿಂದ ಎರಡು ವರ್ಷ ಸಾಮಾನ್ಯ.

ಇಂಪ್ಲಾಂಟ್, ಅಂದರೆ ದವಡೆಯ ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲಿನ ಬೇರು, ಮೂಳೆಗೆ ಅಂಟಿಕೊಂಡಿರುವುದರಿಂದ ಸರಿಯುವುದಿಲ್ಲ. ಹಲ್ಲು ಕೀಳಿಸಿ ಜಾಗ ಖಾಲಿ ಬಿಟ್ಟಿದ್ದರೆ, ವಾಲಿರುವ ಪಕ್ಕದ ಹಲ್ಲನ್ನು ಮೊದಲು ನೆಟ್ಟಗೆ ಮಾಡಿಸಿ ಆಮೇಲೆ ಇಂಪ್ಲಾಂಟ್ ಹಾಕಿಸುವುದೇ ಸಾಮಾನ್ಯವಾಗಿ ಸರಿಯಾದ ದಾರಿ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಯ ನೀರು ಕುಡಿದು ಬೆಳೆದವರ ಕಂದು ಕಲೆಯ ಹಲ್ಲಿಗೆ ಬ್ರಾಕೆಟ್ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಅಂಥವರು ಮೊದಲೇ ಹೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡಿರಬೇಕು, ಅದು ಹಲ್ಲುಗಳ ನಡುವೆ ವಸಡಿನ ಅಂಚಿನಲ್ಲಿ ಕಾಣುವ ಕಪ್ಪು ತ್ರಿಕೋನ. ಒಂದರ ಮೇಲೊಂದು ಏರಿದ್ದ ಹಲ್ಲುಗಳು ನೆಟ್ಟಗಾದಾಗ ಇದು ಹೊರಬೀಳುತ್ತದೆ. ಹಲ್ಲುಗಳು ತಾಗುವ ಜಾಗದಿಂದ ಕೆಳಗಿನ ಮೂಳೆಗೆ 5 ಮಿಲಿಮೀಟರ್ ಅಥವಾ ಕಡಿಮೆ ಇದ್ದರೆ ವಸಡು ಆ ಜಾಗವನ್ನು ತುಂಬುತ್ತದೆ. 6 ಇದ್ದರೆ ಸುಮಾರು ಅರ್ಧದಷ್ಟು ಕಡೆ ಮಾತ್ರ, 7 ಇದ್ದರೆ ಕಾಲುಭಾಗದಷ್ಟು ಕಡೆ ಮಾತ್ರ ಎಂದು 1992ರ ಒಂದು ಅಧ್ಯಯನ ತೋರಿಸಿದೆ. ಹಲ್ಲಿನ ಬದಿಯನ್ನು ಕೂದಲೆಳೆಯಷ್ಟು, 0.2ರಿಂದ 0.5 ಮಿಲಿಮೀಟರ್ ಉಜ್ಜಿ, ಹತ್ತಿರ ತಂದು ತ್ರಿಕೋನವನ್ನು ಚಿಕ್ಕದು ಮಾಡುತ್ತಾರೆ. ಪೂರ್ತಿ ಮಾಯವಾಗುತ್ತದೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಹೆಜ್ಜೆ 6: ರಾತ್ರಿಯ ಹದಿನೈದು ನಿಮಿಷ

ವಸಡು ಉಳಿಯುವುದೂ ಹೋಗುವುದೂ ಇಲ್ಲೇ. ಬೆಳಗ್ಗೆ ಅವಸರವಿರಲಿ, ಪರವಾಗಿಲ್ಲ. ರಾತ್ರಿ ಊಟವಾದ ಮೇಲೆ ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಮುಂದೆ ನಿಲ್ಲಿ.

ಮೊದಲು ಜೋರಾಗಿ ನೀರು ಮುಕ್ಕಳಿಸಿ ಉಗುಳಿ. ಆಮೇಲೆ ಸಂದಿಗೆ ಹಾಕುವ ಪುಟ್ಟ ಬ್ರಷ್, ಅಂಗಡಿಯಲ್ಲಿ ಇಂಟರ್‌ಡೆಂಟಲ್ ಬ್ರಷ್ ಎಂದು ಕೇಳಿ. ಇದನ್ನು ಮೊದಲು ಮಾಡುವುದೇ ಒಳ್ಳೆಯದು, ಕೊನೆಗೆ ಇಟ್ಟುಕೊಂಡರೆ ನಿದ್ದೆ ಗೆಲ್ಲುತ್ತದೆ. ತಂತಿಯ ಅಡಿಯಿಂದ ತೂರಿಸಿ, ಎರಡು ಬ್ರಾಕೆಟ್‌ಗಳ ನಡುವೆ ಹಲ್ಲಿಗೆ ಒರಗಿಸಿ ಮೇಲೆ ಕೆಳಗೆ ಆಡಿಸಿ. ಆಮೇಲೆ ಹಲ್ಲು ಹಲ್ಲಿನ ಸಂದಿಗೆ ನೇರವಾಗಿ ತೂರಿಸಿ ಎರಡು ಮೂರು ಸಲ ಎಳೆಯಿರಿ. ಬ್ರಷ್ಷಿನ ಎಳೆಗಳು ಎರಡೂ ಬದಿಯನ್ನು ತಾಗಬೇಕು, ನಡುವಿನ ತಂತಿ ಹಲ್ಲಿಗೆ ಉಜ್ಜಬಾರದು. ಸಂದುಗಳ ಅಗಲ ಬೇರೆ ಬೇರೆ, ನನಗೆ ಮೂರು ಅಳತೆಯವು ಬೇಕಾದವು. ಮೊದಲ ನಾಲ್ಕು ದಿನ ಬ್ರಷ್ ಕೆಂಪಾಗಿ ಹೊರಬರಬಹುದು. ರಕ್ತ ಕಂಡ ಜಾಗವನ್ನು ಬಿಟ್ಟುಬಿಡುವುದು ಎಲ್ಲರೂ ಮಾಡುವ ತಪ್ಪು. ಶುಚಿಯಾಗಬೇಕಾದ್ದು ಆ ಜಾಗವೇ. ಒಂದೆರಡು ವಾರದಲ್ಲಿ ಬ್ರಷ್ ಬಿಳಿಯಾಗಿಯೇ ಹೊರಬರುತ್ತದೆ. ಆದರೂ ರಕ್ತ ನಿಲ್ಲದಿದ್ದರೆ ಒಳಗೇನೋ ಉಳಿದಿದೆ, ತೋರಿಸಿ.

ಆಮೇಲೆ ಮೆದು ಎಳೆಯ ಹಲ್ಲುಜ್ಜುವ ಬ್ರಷ್. ಎಳೆಗಳನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು, ಜಾಗ ಬದಲಿಸದೆ ಸಣ್ಣಗೆ ನಡುಗಿಸಿ. ಬ್ರಾಕೆಟ್ಟಿನ ಮೇಲ್ಭಾಗಕ್ಕೆ ಒಂದು ಸಲ, ಕೆಳಭಾಗಕ್ಕೆ ಒಂದು ಸಲ, ಒಳಮೈಗೆ ಒಂದು ಸಲ. ಪಾತ್ರೆ ತಿಕ್ಕುವ ಹಾಗೆ ಅಡ್ಡಡ್ಡ ತಿಕ್ಕಿದರೆ ಬೇರು ಸವೆಯುತ್ತದೆ, ಬ್ರಾಕೆಟ್ಟೂ ಕಿತ್ತುಬರುತ್ತದೆ. ಎಲ್ಲಕ್ಕಿಂತ ಹಿಂದಿನ ದವಡೆ ಹಲ್ಲಿನ ಹಿಂಬದಿಗೆ ಒಂಟಿ ಕುಚ್ಚಿನ ಬ್ರಷ್ ಇದೆ, ಕೊಂಡುಕೊಳ್ಳಿ. ಪೇಸ್ಟ್ ಫ್ಲೋರೈಡ್ ಇರುವಂಥದ್ದೇ ಆಗಲಿ. ಇದ್ದಿಲು, ಕೆಂಪು ಹಲ್ಲುಪುಡಿ ಬೇಡ. ಉಪ್ಪುನೀರು ಹಾಯೆನಿಸುತ್ತದೆ, ಆದರೆ ಪಾಚಿ ತೆಗೆಯುವುದಿಲ್ಲ. ನೀರು ಚಿಮ್ಮಿಸುವ ಯಂತ್ರ ಸಹಾಯಕ್ಕೆ ಸರಿ, ಬ್ರಷ್ಷಿಗೆ ಬದಲಿಯಲ್ಲ. ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ವಾರ, ಪೇಸ್ಟ್ ಬಳಸಿದ ಅರ್ಧ ಗಂಟೆಯ ನಂತರ ಮುಕ್ಕಳಿಸಿ. ಹೆಚ್ಚು ದಿನ ಬಳಸಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ.

ಊಟದ ಮಾತು ಚಿಕ್ಕದು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಚಿಕ್ಕಿ ಬೇಡ. ಸಂಕ್ರಾಂತಿಗೆ ಕಬ್ಬನ್ನು ಸಿಗಿದು ತಿನ್ನಬೇಡಿ, ಎಳ್ಳುಬೆಲ್ಲದಲ್ಲಿ ಒಣಕೊಬ್ಬರಿ, ಸಕ್ಕರೆ ಅಚ್ಚು ಪಕ್ಕಕ್ಕಿಡಿ. ಕಟಿ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಳ್ಳಿ, ಸೀಬೆಹಣ್ಣನ್ನು ತೆಳ್ಳಗೆ ಹೆಚ್ಚಿಕೊಳ್ಳಿ.

ಹೆಜ್ಜೆ 7: ನಡುವೆ ನಡುವೆ ಅಳತೆ

ತಂತಿ ಬಿಗಿಸುವವರನ್ನು ತಿಂಗಳಿಗೋ ಆರು ವಾರಕ್ಕೋ ಕಾಣುತ್ತೀರಿ. ವಸಡಿನವರನ್ನು ಮೂರು ತಿಂಗಳಿಗೊಮ್ಮೆ ಕಾಣುವುದನ್ನು ಬಿಡಬೇಡಿ. ತಂತಿ ಹಾಗೇ ಇರುವಾಗಲೂ ಕ್ಲೀನಿಂಗ್ ಮಾಡಬಹುದು, ಅಳತೆಯನ್ನೂ ತೆಗೆಯಬಹುದು. ಹಳೆಯ ಚಾರ್ಟಿನ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿ.

ಬಿಗಿಸಿದ ಎರಡು ಮೂರು ದಿನ ನೋವು, ಜಗಿಯಲು ಕಷ್ಟ, ಹಲ್ಲು ತುಸು ಅಲುಗಾಡುವುದು ಸಹಜ. ಕೆನ್ನೆಗೆ ತಂತಿ ಚುಚ್ಚಿದರೆ ಮೇಣ ಅಂಟಿಸಿಕೊಳ್ಳಿ. ಆದರೆ ಕೀವು, ಒಂದೇ ಹಲ್ಲಿನ ವಸಡು ಗುಳ್ಳೆಯಂತೆ ಊದುವುದು, ದಿನೇದಿನೇ ಹೆಚ್ಚುವ ಸಡಿಲು, ಬೇರು ಹೊಸದಾಗಿ ಕಾಣುವುದು ಇವು ಮುಂದಿನ ದಿನಾಂಕದವರೆಗೆ ಕಾಯುವಂಥವಲ್ಲ. ಫೋನ್ ಮಾಡಿ ಹೋಗಿ. ಇಂಥ ಸಂದರ್ಭದಲ್ಲಿ ಒಳ್ಳೆಯ ವೈದ್ಯರು ತಂತಿಯ ಬಲ ತೆಗೆದು, ವಸಡನ್ನು ಶಾಂತಗೊಳಿಸಿ, ಆಮೇಲೆ ಮುಂದುವರಿಸುತ್ತಾರೆ. ನನಗೂ ಎಂಟನೇ ತಿಂಗಳಲ್ಲಿ ಹಾಗೆ ಒಂದೂವರೆ ತಿಂಗಳು ನಿಲ್ಲಿಸಬೇಕಾಯಿತು. ಆಗ ಬೇಜಾರಾಗಿತ್ತು, ಆದರೆ ಆ ಹಲ್ಲು ಇವತ್ತೂ ನನ್ನ ಬಾಯಲ್ಲಿದೆ.

ಈ ನಡುವೆ ಗರ್ಭಿಣಿಯಾದರೆ ಇಬ್ಬರು ವೈದ್ಯರಿಗೂ ಹೇಳಿ. ಆಗ ಹಾರ್ಮೋನುಗಳಿಂದಾಗಿ ವಸಡು ಸ್ವಲ್ಪ ಪಾಚಿಗೂ ಊದಿಕೊಳ್ಳುತ್ತದೆ.

ಹೆಜ್ಜೆ 8: ಕ್ಲಿಪ್ ತೆಗೆದ ಮೇಲೆ

ವಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗುವುದಕ್ಕೆ ಹೆಚ್ಚುಕಡಿಮೆ ವರ್ಷವೇ ಹಿಡಿಯುತ್ತದೆ. ಮೂಳೆ ಕಳೆದುಕೊಂಡವರ ಹಲ್ಲು ಆಮೇಲೂ ಹಳೆಯ ಜಾಗಕ್ಕೆ ವಾಪಸ್ ಹೋಗಲು ನೋಡುತ್ತಲೇ ಇರುತ್ತದೆ. ಆದ್ದರಿಂದ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಜೀವನಪೂರ್ತಿ. ನನಗೆ ಮುಂದಿನ ಹಲ್ಲುಗಳ ಹಿಂಬದಿಗೆ ಸಣ್ಣ ತಂತಿ ಅಂಟಿಸಿದ್ದಾರೆ, ರಾತ್ರಿ ಹಾಕಿಕೊಳ್ಳುವ ಪಾರದರ್ಶಕ ಪ್ಲೇಟ್ ಬೇರೆ. ಪ್ಲೇಟನ್ನು ತಣ್ಣೀರಿನಲ್ಲಿ ತೊಳೆಯಬೇಕು, ಬಿಸಿನೀರಿಗೆ ಸೊಟ್ಟಗಾಗುತ್ತದೆ.

ಕೆಳಗಿನ ಬಾಚಿ ಹಲ್ಲುಗಳ ಹಿಂದೆ ಜೊಲ್ಲಿನ ಗ್ರಂಥಿ ತೆರೆದುಕೊಳ್ಳುವುದರಿಂದ ಪಾಚಿ ಗಟ್ಟಿಯಾಗುವುದು ಅಲ್ಲೇ ಬೇಗ. ಅಂಟಿಸಿದ ತಂತಿ ಅದಕ್ಕೆ ಇನ್ನಷ್ಟು ಆಸರೆ ಕೊಡುತ್ತದೆ. ಪುಟ್ಟ ಬ್ರಷ್ಷನ್ನು ಆ ತಂತಿಯ ಅಡಿಯಿಂದ ದಿನವೂ ತೂರಿಸಿ. ನಾಲಗೆಯಿಂದ ತಂತಿಯನ್ನು ಆಗಾಗ ಮುಟ್ಟಿ ನೋಡುತ್ತಿರಿ. ಒಂದು ಹಲ್ಲಿನಿಂದ ಅಂಟು ಬಿಟ್ಟಿದ್ದರೆ, ತಂತಿ ತುಸು ಡೊಂಕಾಗಿದ್ದರೆ, ಆ ಹಲ್ಲು ನಿಮಗೆ ಗೊತ್ತಿಲ್ಲದೆಯೇ ತಿರುಗಲು ಶುರುಮಾಡುತ್ತದೆ. ನೋವಿಲ್ಲವೆಂದು ಸುಮ್ಮನಿರದೆ ಅದೇ ವಾರ ಹೋಗಿ ಅಂಟಿಸಿಕೊಂಡು ಬನ್ನಿ. ಅಲ್ಲೇ ಆ ಆರು ಕಡೆಯ ಅಳತೆಯನ್ನೂ ಮಾಡಿಸಿ.